ಫೈರ್‌ವಾಲ್‌ನಲ್ಲಿ ಒಂದು ತೂತು: ಒದ್ದೆ ಕಾರ್ಪೆಟ್‌ನಿಂದ ಶುರುವಾದ ಪ್ರಕರಣ

ಅಕ್ಕ ಫೋನ್ ಮಾಡಿದ್ದು ಕಾರ್ಪೆಟ್ ವಿಷಯಕ್ಕೆ. "ಪಕ್ಕದ ಸೀಟಿನ ಮುಂದೆ ಕಾಲಿಟ್ರೆ ಪಚಪಚ ಅನ್ನುತ್ತೆ ಕಣೋ. ಎಸಿ ನೀರಿರಬೇಕು ಅಂತಾರೆ ನಿಮ್ ಭಾವ. ಒಂದ್ಸಲ ಬಂದು ನೋಡ್ತೀಯಾ?"

ಕಾರು ಎಂಟು ವರ್ಷ ಹಳೆಯದು. ಚಿಕ್ಕ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನ್ಯುವಲ್ ಗೇರ್. ಎರಡು ವರ್ಷದ ಹಿಂದೆ ಭಾವ ಅದಕ್ಕೆ ಒಂದು ಆಂಪ್ಲಿಫೈಯರ್, ಒಂದು ಸಬ್‌ವೂಫರ್ ಹಾಕಿಸಿದ್ದರು. ಅದನ್ನು ಕೂರಿಸಿದ್ದು ಒಂದು ಆಕ್ಸೆಸರಿ ಅಂಗಡಿ. ಅರ್ಧ ದಿನದಲ್ಲಿ ಕೆಲಸ ಮುಗಿದಿತ್ತು. ಹಾಡು ಚೆನ್ನಾಗಿಯೇ ಕೇಳುತ್ತಿತ್ತು. ಹಾಗಾಗಿ ಒದ್ದೆ ಕಾರ್ಪೆಟ್‌ಗೂ ಆಂಪ್ಲಿಫೈಯರ್‌ಗೂ ಸಂಬಂಧ ಇರಬಹುದು ಅಂತ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಕಾರಿನ ವೈರಿಂಗ್ ನನ್ನ ಹಳೆಯ ಹವ್ಯಾಸ. ಈ ಒಂದು ಕಾರಿನಲ್ಲಿ ನೋಡಿದ್ದು, ಮಾಡಿದ್ದು, ತಪ್ಪಿದ್ದು ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ. ಬಾನೆಟ್ ಕಡೆಯಿಂದ ಕಾರಿನ ಒಳಗೆ ವೈರ್ ತರಬೇಕು ಅಂತ ಡ್ರಿಲ್ ಕೈಗೆತ್ತಿಕೊಳ್ಳುವವರು ಅದಕ್ಕೆ ಮೊದಲು ಇದನ್ನು ಓದಲಿ ಅನ್ನುವುದು ನನ್ನ ಆಸೆ. ತೂತು ಕೊರೆಯುವುದಕ್ಕೆ ಎರಡು ನಿಮಿಷ ಸಾಕು. ಎಲ್ಲಿ ಕೊರೆಯಬೇಕು, ಕೊರೆದ ಮೇಲೆ ಅದನ್ನು ಹೇಗೆ ಮತ್ತೆ ಮುಚ್ಚಬೇಕು ಅನ್ನುವುದಕ್ಕೇ ಎರಡು ದಿನ ಬೇಕಾಯಿತು.

ನೀರು ಎಲ್ಲಿಂದ?

ಕಾರಿನೊಳಗೆ ಪಕ್ಕದ ಸೀಟಿನ ಮುಂದೆ ನೀರು ನಿಂತರೆ ಸಾಮಾನ್ಯವಾಗಿ ಮೂರು ಕಡೆ ಅನುಮಾನ ಪಡಬೇಕು. ಮೊದಲನೆಯದು ಎಸಿಯ ನೀರು ಹೊರಗೆ ಹೋಗುವ ಸಣ್ಣ ಪೈಪ್ ಕಟ್ಟಿಕೊಂಡಿರುವುದು. ಆ ನೀರು ತಿಳಿಯಾಗಿರುತ್ತದೆ, ಎಸಿ ಹಾಕಿದಾಗ ಮಾತ್ರ ಬರುತ್ತದೆ. ಎರಡನೆಯದು ಹೀಟರ್ ಕೋರ್, ಅಂದರೆ ಕಾರಿನೊಳಗೆ ಬಿಸಿ ಗಾಳಿ ಕೊಡುವ ಸಣ್ಣ ರೇಡಿಯೇಟರ್, ಸೋರುವುದು. ಅದರಿಂದ ಬರುವುದು ಎಂಜಿನ್ ತಣ್ಣಗಿಡುವ ಕೂಲಂಟ್. ಬೆರಳಿಗೆ ಅಂಟಂಟಾಗಿರುತ್ತದೆ, ಸ್ವಲ್ಪ ಸಿಹಿ ವಾಸನೆ ಬರುತ್ತದೆ, ಮುಂದಿನ ಗಾಜಿನ ಒಳಗೆ ಜಿಡ್ಡಿನಂತಹ ಮಂಜು ಕೂರುತ್ತದೆ. ಮೂರನೆಯದು ಹೊರಗಿನ ಮಳೆ ನೀರು.

ನಾನು ಕಾರ್ಪೆಟ್ ಎತ್ತಿ ಕೆಳಗಿನ ಫೋಮ್ ಹಿಂಡಿದೆ. ಬಂದ ನೀರಿನಲ್ಲಿ ಮಣ್ಣಿನ ಬಣ್ಣ ಇತ್ತು. ಅಂಟು ಇಲ್ಲ, ಸಿಹಿ ವಾಸನೆಯೂ ಇಲ್ಲ. "ಎಸಿ ಹಾಕದ ದಿನಾನೂ ಒದ್ದೆ ಆಗುತ್ತಾ?" ಅಂತ ಕೇಳಿದೆ. "ಕಾರು ತೊಳೆದ ಮಾರನೇ ದಿನ ಜಾಸ್ತಿ" ಅಂದಳು ಅಕ್ಕ. ಅಲ್ಲಿಗೆ ದಾರಿ ಸಿಕ್ಕಿತು.

ಭಾವ ಇನ್ನೊಂದು ಮಾತು ಸೇರಿಸಿದರು. "ಟ್ರಾಫಿಕ್‌ನಲ್ಲಿ ಸುಮ್ನೆ ನಿಂತಾಗ ಬಿಸಿ ಎಂಜಿನ್ ವಾಸನೆ ಒಳಗೆ ಬರುತ್ತೆ. ಹಳೇ ಕಾರು ಅಲ್ವಾ ಅಂತ ಸುಮ್ಮನಿದ್ದೆ." ನನಗೆ ಕಾರ್ಪೆಟ್‌ಗಿಂತ ಈ ಮಾತೇ ಹೆಚ್ಚು ಚಿಂತೆ ತಂದಿತು. ನೀರು ಬರುವ ದಾರಿಯಲ್ಲಿ ಗಾಳಿಯೂ ಬರುತ್ತದೆ. ಎಂಜಿನ್ ಕಡೆಯ ಗಾಳಿಯಲ್ಲಿ ಪೆಟ್ರೋಲ್ ಆವಿ ಇರಬಹುದು. ಎಕ್ಸಾಸ್ಟ್ ಎಲ್ಲಾದರೂ ಸೋರುತ್ತಿದ್ದರೆ ಕಾರ್ಬನ್ ಮೊನಾಕ್ಸೈಡ್ ಕೂಡ ಇರಬಹುದು. ಅದಕ್ಕೆ ವಾಸನೆಯೇ ಇಲ್ಲ.

ಪರೀಕ್ಷೆ ಸರಳವಾದದ್ದು. ಒಳಗಿನ ಫೈರ್‌ವಾಲ್ ಮೇಲೆ, ಅಂದರೆ ಎಂಜಿನ್ ಕಡೆಯ ತಗಡಿನ ಗೋಡೆಯ ಮೇಲೆ, ಅಲ್ಲಲ್ಲಿ ಒಣ ಟಿಶ್ಯೂ ಪೇಪರ್ ಅಂಟಿಸಿದೆ. ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡ್ ಕೆಳಗೆ ಮಲಗಿದೆ. ಅಕ್ಕ ಹೊರಗೆ ನಿಂತು ವೈಪರ್ ಕೆಳಗಿನ ಜಾಗಕ್ಕೆ ಮಗ್‌ನಿಂದ ನಿಧಾನವಾಗಿ ನೀರು ಹಾಕಿದಳು. ಸುಮಾರು ಎರಡು ನಿಮಿಷ ಏನೂ ಆಗಲಿಲ್ಲ. ಆಮೇಲೆ ಒಂದು ಕೆಂಪು ಕೇಬಲ್ ಮೇಲೆ ಒಂದು ಹನಿ ಕಾಣಿಸಿತು. ಅದು ಕೇಬಲ್ ಗುಂಟ ಇಳಿದು ಟಿಶ್ಯೂ ಮುಟ್ಟಿತು. ಹಿಂದೆಯೇ ಇನ್ನೊಂದು, ಮತ್ತೊಂದು. ಅದು ಆಂಪ್ಲಿಫೈಯರ್‌ನ ಪವರ್ ಕೇಬಲ್.

ಕೇಬಲ್ ಹಿಂದಿನ ತೂತು

ಫೈರ್‌ವಾಲ್ ಅಂದರೆ ಎಂಜಿನ್‌ಗೂ ನಮ್ಮ ಕಾಲಿಗೂ ನಡುವೆ ಇರುವ ಉಕ್ಕಿನ ತಗಡು. ಎಷ್ಟೋ ಕಾರುಗಳಲ್ಲಿ ಅದರ ದಪ್ಪ ಸುಮಾರು 1 ಮಿ.ಮೀ. ಅಷ್ಟೇ. ಆದರೆ ಅದು ಮಾಡುವ ಕೆಲಸ ದೊಡ್ಡದು. ಶಾಖ, ಸದ್ದು, ನೀರು, ಹೊಗೆ ಎಲ್ಲವನ್ನೂ ಆಚೆಯೇ ತಡೆಯುತ್ತದೆ. ಬಾನೆಟ್ ಕೆಳಗೆ ಬೆಂಕಿ ಬಿದ್ದರೆ ಒಳಗಿರುವವರಿಗೆ ಇಳಿದು ಓಡುವಷ್ಟು ಸಮಯ ಕೊಡುತ್ತದೆ. ಹೆಸರೇ ಹೇಳುತ್ತದೆ ಅಲ್ವಾ?

ಒಳಗಿನ ದಪ್ಪ ಫೆಲ್ಟ್ ಸರಿಸಿ ನೋಡಿದೆ. ತೂತು ಗುಂಡಗೂ ಇರಲಿಲ್ಲ. ಡ್ರಿಲ್‌ನಿಂದ ಒಂದು ಸಣ್ಣ ತೂತು ಕೊರೆದು, ಅದಕ್ಕೆ ಸ್ಕ್ರೂಡ್ರೈವರ್ ತೂರಿಸಿ ತಿರುವಿ ಅಗಲ ಮಾಡಿದ ಹಾಗೆ ಕಾಣುತ್ತಿತ್ತು. ಅಂಚಿನ ಸುತ್ತ ಹರಿತವಾದ ಹಲ್ಲುಗಳು. ತೂತಿನ ಅಂಚಿಗೆ ಕೂರಿಸುವ ರಬ್ಬರ್ ಬಳೆ, ಅಂದರೆ ಗ್ರಾಮೆಟ್, ಇಲ್ಲ. ಸೀಲಂಟ್ ಇಲ್ಲ. ಅಂಚಿನ ಬಣ್ಣ ಕಿತ್ತುಹೋಗಿ ಸುತ್ತ ತುಕ್ಕು ಹಬ್ಬಿತ್ತು. ಮೇಲಾಗಿ ಅದು ಇದ್ದದ್ದು ಗಾಜಿನಿಂದ ಇಳಿಯುವ ನೀರು ತೊಟ್ಟಿಕ್ಕುವ ಜಾಗದ ನೇರ ಕೆಳಗೆ.

ಕೇಬಲ್ ಸ್ವಲ್ಪ ತಿರುಗಿಸಿದೆ. ತಗಡಿನ ಒಂದು ಹಲ್ಲು ಅದರ ಕೆಂಪು ಹೊದಿಕೆಯನ್ನು ಪೂರ್ತಿ ಕೊಯ್ದಿತ್ತು. ಒಳಗಿನ ಎಳೆಗಳು ಹೊಳೆಯುತ್ತಿದ್ದವು. ತಗಡಿಗೂ ಆ ಎಳೆಗಳಿಗೂ ನಡುವೆ ಒಂದು ಕಾಗದದಷ್ಟು ಅಂತರವೂ ಇರಲಿಲ್ಲ ಅನ್ನಿಸಿತು.

ನಾನು ಕೈ ತೆಗೆದು ನೇರ ಬಾನೆಟ್ ಕಡೆಗೆ ಹೋದೆ. ಬ್ಯಾಟರಿಯ ಪಕ್ಕ ಫ್ಯೂಸ್ ಹುಡುಕಿದೆ. ಅಲ್ಲಿ ಫ್ಯೂಸ್ ಇರಲಿಲ್ಲ. ಕೇಬಲ್ ನೇರವಾಗಿ ಪಾಸಿಟಿವ್ ಟರ್ಮಿನಲ್‌ಗೆ ಸೇರಿತ್ತು. ಫ್ಯೂಸ್ ಇದ್ದದ್ದು ಹಿಂದೆ, ಡಿಕ್ಕಿಯಲ್ಲಿ, ಆಂಪ್ಲಿಫೈಯರ್ ಪಕ್ಕ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ತಪ್ಪು ತುಂಬಾ ಕಡೆ ಆಗುತ್ತದೆ. ದೊಡ್ಡ ಕೇಬಲ್‌ನ ಫ್ಯೂಸ್ ಇರುವುದು ಆಂಪ್ಲಿಫೈಯರ್ ಉಳಿಸುವುದಕ್ಕಲ್ಲ, ಕೇಬಲ್ ಉಳಿಸುವುದಕ್ಕೆ. ಕೇಬಲ್ ಎಲ್ಲಾದರೂ ಕಾರಿನ ಬಾಡಿಗೆ (ಲೋಹದ ಮೈಗೆ) ತಾಗಿದರೆ ಕರೆಂಟ್ ಬ್ಯಾಟರಿಯಿಂದ ಆ ಜಾಗಕ್ಕೆ ಹರಿದು ಅಲ್ಲಿಂದಲೇ ವಾಪಸ್ ಹೋಗುತ್ತದೆ. ಡಿಕ್ಕಿಯಲ್ಲಿರುವ ಫ್ಯೂಸ್‌ವರೆಗೆ ಅದು ಹೋಗುವುದೇ ಇಲ್ಲ. ಸಾಧಾರಣ ಕಾರಿನ ಬ್ಯಾಟರಿಯೂ ಶಾರ್ಟ್ ಆದಾಗ ನೂರಾರು ಆಂಪಿಯರ್ ಹರಿಸಬಲ್ಲದು. ಆಗ ಕೇಬಲ್ ಕೆಂಪಗೆ ಕಾದು ಹೊದಿಕೆಗೆ ಬೆಂಕಿ ಹತ್ತುತ್ತದೆ. ಅದೂ ಕಾರ್ಪೆಟ್ ಕೆಳಗೆ, ಫೋಮ್ ಮಧ್ಯೆ. ಅದಕ್ಕೇ ಫ್ಯೂಸ್ ಅನ್ನು ಬ್ಯಾಟರಿಗೆ ಎಷ್ಟು ಹತ್ತಿರ ಆಗುತ್ತದೋ ಅಷ್ಟು ಹತ್ತಿರ ಇಡಬೇಕು. 18 ಇಂಚು, ಅಂದರೆ ಸುಮಾರು 45 ಸೆಂ.ಮೀ. ಒಳಗೆ ಇರಲಿ ಅನ್ನುವುದು ಈ ಕೆಲಸ ಮಾಡುವವರ ನಡುವೆ ಇರುವ ಲೆಕ್ಕ. ಮೊದಲು ಫ್ಯೂಸ್, ಆಮೇಲೆ ಫೈರ್‌ವಾಲ್. ಈ ಕ್ರಮ ತಪ್ಪಬಾರದು.

ಆ ಕೇಬಲ್ ಅನ್ನು ಟರ್ಮಿನಲ್‌ನಿಂದ ಬಿಚ್ಚಿ, ತುದಿಗೆ ಟೇಪ್ ಸುತ್ತಿದೆ. "ಭಾವ, ಇನ್ನು ಕೆಲಸ ಮುಗಿಯೋವರೆಗೂ ಹಾಡಿಲ್ಲ" ಅಂದೆ. ಹೊದಿಕೆ ಕೊಯ್ದಿದ್ದ ಜಾಗ ತೋರಿಸಿದ ಮೇಲೆ ಅವರು ಒಂದು ಮಾತೂ ಆಡಲಿಲ್ಲ.

ತೂತು ಬೇಕೇ ಬೇಕಾ?

ಡ್ರಿಲ್ ತೆಗೆಯುವ ಮುಂಚೆ ಎಷ್ಟು ವೈರ್ ನಿಜವಾಗಿ ಫೈರ್‌ವಾಲ್ ದಾಟಬೇಕು ಅಂತ ಎಣಿಸುವುದು ನನ್ನ ಅಭ್ಯಾಸ. ಎಣಿಸಿದರೆ ಸಂಖ್ಯೆ ಯಾವಾಗಲೂ ಕಡಿಮೆಯಾಗುತ್ತದೆ. ಆಂಪ್ಲಿಫೈಯರ್‌ನ ಅರ್ಥ್ ವೈರ್ ದಾಟಬೇಕಿಲ್ಲ. ಅದು ಆಂಪ್ಲಿಫೈಯರ್ ಹತ್ತಿರದ ಬಾಡಿಗೇ ಸೇರಬೇಕು, ಚಿಕ್ಕದಾಗಿದ್ದಷ್ಟು ಒಳ್ಳೆಯದು. ರಿಮೋಟ್ ವೈರ್ (ಆಂಪ್ಲಿಫೈಯರ್ ಆನ್ ಮಾಡುವ ತೆಳು ವೈರ್) ಮತ್ತು ಸಿಗ್ನಲ್ ಕೇಬಲ್ ಸ್ಟೀರಿಯೋದಿಂದಲೇ ಹೊರಡುತ್ತವೆ, ಅವೂ ದಾಟಬೇಕಿಲ್ಲ. ಡ್ಯಾಶ್‌ಕ್ಯಾಮ್, ಫೋನ್ ಚಾರ್ಜರ್ ತರಹದ ಸಣ್ಣ ಸಾಧನಗಳಿಗೆ ಒಳಗಿನ ಫ್ಯೂಸ್ ಬಾಕ್ಸ್ ಸಾಕು. ಉಳಿದದ್ದು ಒಂದೇ ಕೇಬಲ್.

ಆ ಒಂದು ಕೇಬಲ್ ಎಷ್ಟು ದಪ್ಪ ಇರಬೇಕು? ಭಾವನ ಆಂಪ್ಲಿಫೈಯರ್ 400 ವ್ಯಾಟ್ ಆರ್‌ಎಂಎಸ್ (ಸತತವಾಗಿ ಕೊಡಬಲ್ಲ ಶಕ್ತಿ), ಕ್ಲಾಸ್ ಡಿ ಅನ್ನುವ ಕಡಿಮೆ ಕರೆಂಟ್ ಪೋಲು ಮಾಡುವ ಬಗೆಯದು. ಅದರ ದಕ್ಷತೆ 80 ಶೇಕಡಾ ಅಂತ ಹಿಡಿದರೆ ಒಳಗೆ ಹೋಗಬೇಕಾದದ್ದು 500 ವ್ಯಾಟ್. ಎಂಜಿನ್ ಓಡುವಾಗ 13.8 ವೋಲ್ಟ್ ಅಂದರೆ ಸುಮಾರು 36 ಆಂಪಿಯರ್. ಬ್ಯಾಟರಿಯಿಂದ ಡಿಕ್ಕಿಗೆ ಕೇಬಲ್ ಉದ್ದ 5 ಮೀಟರ್. 8 ಗೇಜ್ (ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ವೈರ್ ದಪ್ಪ) ಶುದ್ಧ ತಾಮ್ರದ ಕೇಬಲ್ ಆದರೆ ದಾರಿಯಲ್ಲಿ ಸುಮಾರು 0.37 ವೋಲ್ಟ್ ಕಳೆದುಹೋಗುತ್ತದೆ. 4 ಗೇಜ್, ಅಂದರೆ ಸುಮಾರು 21 ಚದರ ಮಿ.ಮೀ. ತಾಮ್ರ ಆದರೆ 0.15 ವೋಲ್ಟ್ ಮಾತ್ರ. ನಾನು 4 ಗೇಜ್ ಆರಿಸಿದೆ.

ಹಳೆಯ ಕೇಬಲ್ ಮೇಲೂ 4 ಗೇಜ್ ಅಂತಲೇ ಬರೆದಿತ್ತು. ಆದರೆ ತುದಿ ಕತ್ತರಿಸಿ ನೋಡಿದರೆ ಹೊದಿಕೆಯೇ ಜಾಸ್ತಿ, ಲೋಹ ಕಡಿಮೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದೆ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ. ಅಂದರೆ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಅಷ್ಟೇ ದಪ್ಪದ ತಾಮ್ರಕ್ಕಿಂತ ಇದರ ತಡೆ ಸುಮಾರು ಒಂದೂವರೆ ಪಟ್ಟಿಗಿಂತ ಹೆಚ್ಚು. ತವರ ಲೇಪಿಸಿದ ತಾಮ್ರ ಇದರ ಉಲ್ಟಾ: ಮೇಲೆ ಬೆಳ್ಳಗೆ, ಒಳಗೆ ಕೆಂಪಗೆ. ಅದು ಒಳ್ಳೆಯ ಮಾಲು. ಎರಡನ್ನೂ ಗುರುತಿಸುವುದಕ್ಕೆ ಈ ಕೆರೆತ ಒಂದೇ ಸಾಕು.

ಇನ್ನು ಇರುವ ದಾರಿಗಳನ್ನು ಹುಡುಕುವ ಕೆಲಸ. ಯಾವ ಕಾರಿನಲ್ಲೂ ಫೈರ್‌ವಾಲ್ ಪೂರ್ತಿ ಮುಚ್ಚಿರುವುದಿಲ್ಲ. ಕಂಪನಿಯ ವೈರಿಂಗ್ ಗೊಂಚಲು ಒಂದು ದೊಡ್ಡ ಗ್ರಾಮೆಟ್ ಮೂಲಕ ಒಳಗೆ ಬರುತ್ತದೆ. ಬಾನೆಟ್ ತೆರೆಯುವ ಕೇಬಲ್‌ಗೆ ಒಂದು ಸಣ್ಣ ತೂತು ಇರುತ್ತದೆ. ಆಟೋಮ್ಯಾಟಿಕ್ ಕಾರಾದರೆ ಕ್ಲಚ್ ಬರಬೇಕಿದ್ದ ಜಾಗಕ್ಕೆ ಎಷ್ಟೋ ಸಲ ಬರೀ ಮುಚ್ಚಳ ಹಾಕಿರುತ್ತಾರೆ. ಎಡ ಮತ್ತು ಬಲ ಎರಡೂ ಕಡೆಯ ಸ್ಟೀರಿಂಗ್‌ಗೆ ಮಾಡಿದ ಮಾಡೆಲ್ ಆದರೆ ಬಳಸದ ಕಡೆ ಮುಚ್ಚಿದ ತೂತುಗಳು ಸಿಗಬಹುದು. ಇವುಗಳಲ್ಲಿ ಒಂದು ಸಿಕ್ಕರೂ ಡ್ರಿಲ್ ಬೇಡ. ಗ್ರಾಮೆಟ್ ಮೇಲೆ ಖಾಲಿ ಮೊಲೆತೊಟ್ಟಿನಂತಹ ಭಾಗ ಇದ್ದರೆ ಅದರ ತುದಿ ಕತ್ತರಿಸಿ ತೆಳು ವೈರ್ ದಾಟಿಸಬಹುದು.

ಈ ಕಾರಿನಲ್ಲಿ ಒಂದೊಂದಾಗಿ ನೋಡಿದೆ. ಮ್ಯಾನ್ಯುವಲ್ ಆದ್ದರಿಂದ ಕ್ಲಚ್ ಜಾಗ ಖಾಲಿ ಇಲ್ಲ. ಬಾನೆಟ್ ಕೇಬಲ್‌ನ ತೂತು ತುಂಬಾ ಚಿಕ್ಕದು. ಬಳಸದ ಕಡೆಯ ಒಂದು ಮುಚ್ಚಿದ ತೂತು ಸಿಕ್ಕಿತು, ಖುಷಿಯಾಯಿತು. ಎಂಡೋಸ್ಕೋಪ್ ಕ್ಯಾಮೆರಾ ತೂರಿಸಿ ನೋಡಿದರೆ ಅದರ ಹಿಂದೆಯೇ ಬ್ಲೋವರ್‌ನ ಪ್ಲಾಸ್ಟಿಕ್ ಪೆಟ್ಟಿಗೆ ಒತ್ತಿ ಕುಳಿತಿತ್ತು. ಉಳಿದದ್ದು ದೊಡ್ಡ ಗ್ರಾಮೆಟ್. 4 ಗೇಜ್ ಕೇಬಲ್‌ನ ಹೊರ ವ್ಯಾಸ 10 ಮಿ.ಮೀ. ಆಸುಪಾಸು. ಅಷ್ಟು ದಪ್ಪದ್ದನ್ನು ಆ ಬಿಗಿ ಗೊಂಚಲಿನ ಪಕ್ಕ ತುರುಕಬೇಕಾದರೆ ಚೂಪಾದ ಸರಳಿನಿಂದ ದಾರಿ ಮಾಡಬೇಕು. ಆ ಗೊಂಚಲಿನಲ್ಲಿ ಎಂಜಿನ್ ಕಂಪ್ಯೂಟರ್, ಎಬಿಎಸ್ ವೈರ್‌ಗಳೆಲ್ಲ ಇವೆ. ತೆಳು ವೈರ್ ಆಗಿದ್ದರೆ ಧೈರ್ಯ ಮಾಡುತ್ತಿದ್ದೆ. ಇದಕ್ಕೆ ಮಾಡಲಿಲ್ಲ.

"ಇರೋ ತೂತನ್ನೇ ಸ್ವಲ್ಪ ದೊಡ್ಡದು ಮಾಡಿ ಗ್ರಾಮೆಟ್ ಹಾಕಿದ್ರೆ ಆಗಲ್ವಾ? ಇನ್ನೊಂದು ಯಾಕೆ?" ಭಾವ ಕೇಳಿದ್ದು ನ್ಯಾಯವಾದ ಪ್ರಶ್ನೆ. ನನಗೂ ಅದೇ ಇಷ್ಟವಿತ್ತು. ಆದರೆ ಆ ತೂತು ನೀರು ಬೀಳುವ ಜಾಗದಲ್ಲಿದೆ. ಆಚೆ ಕಡೆ ಎಸಿ ಪೈಪ್ ಕೇವಲ ಒಂದೂವರೆ ಸೆಂ.ಮೀ. ದೂರದಲ್ಲಿದೆ. ಅಲ್ಲಿ ದೊಡ್ಡ ಬಿಟ್ ತಿರುಗಿಸುವ ಹಾಗಿಲ್ಲ. ಅಂಚಿನ ತಗಡು ತುಕ್ಕು ಹಿಡಿದು ತೆಳ್ಳಗಾಗಿದೆ, ಗ್ರಾಮೆಟ್ ಅದನ್ನು ಬಿಗಿಯಾಗಿ ಕಚ್ಚುವುದಿಲ್ಲ. ಹಾಗಾಗಿ ಹಳೆಯದನ್ನು ಮುಚ್ಚಿ ಹೊಸದೊಂದು ಕೊರೆಯುವುದು ಅಂತ ತೀರ್ಮಾನವಾಯಿತು.

ಎಲ್ಲ ಕಾರಿಗೂ ಈ ತೀರ್ಮಾನ ಸಲ್ಲದು. ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಕಾರಿನಲ್ಲಿ ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್‌ಗಳು ಆ ಕಡೆ ಓಡಾಡುತ್ತವೆ. ಅಲ್ಲಿ ನಾನು ಡ್ರಿಲ್ ಮುಟ್ಟುವುದಿಲ್ಲ. ಹೊಸ ಕಾರುಗಳಲ್ಲಿ ಫೈರ್‌ವಾಲ್‌ನ ಕೆಳಭಾಗ, ಅಡ್ಡ ತೊಲೆಗಳು ತುಂಬಾ ಗಟ್ಟಿ ಉಕ್ಕಿನವು. ಅಪಘಾತದ ಹೊಡೆತ ಹೊರುವ ಭಾಗ ಅದು. ಬಿಟ್ ಹಾಕಿದರೆ ಜಾರುತ್ತದೆ, ಕೆಂಪಾಗುತ್ತದೆ. ಅದು ಅಲ್ಲಿ ಕೊರೆಯಬೇಡ ಅನ್ನುವ ಸೂಚನೆ. ಎರಡು ತಗಡು ಸೇರುವ ಅಂಚು, ಸ್ಪಾಟ್ ವೆಲ್ಡ್ ಸಾಲು ಇರುವ ಕಡೆಯೂ ಬೇಡ. ವಾರಂಟಿ ಇರುವ ಕಾರಾದರೆ ಮೊದಲು ಅದರ ಷರತ್ತು ಓದಿಕೊಳ್ಳಿ.

ಎಡ, ಬಲ ಅದಲುಬದಲಾದದ್ದು

ಫೈರ್‌ವಾಲ್‌ನ ಎರಡೂ ಬದಿಯನ್ನು ಒಟ್ಟಿಗೆ ನೋಡುವುದಕ್ಕೆ ಆಗುವುದಿಲ್ಲ. ಈ ಕೆಲಸದ ಕಷ್ಟವೆಲ್ಲ ಇರುವುದು ಇಲ್ಲೇ. ಒಳಗೆ ಗುರುತು ಹಾಕಿದ ಜಾಗದ ಹಿಂದೆ ಏನಿದೆ ಅಂತ ತಿಳಿಯಬೇಕಾದರೆ ಎರಡೂ ಕಡೆಯಿಂದ ಕಾಣುವ ಒಂದು ಬಿಂದು ಬೇಕು. ಅಲ್ಲಿಂದ ಅಳೆಯಬೇಕು. ನಮಗೆ ಆ ಬಿಂದು ತಾನಾಗಿಯೇ ಸಿಕ್ಕಿತ್ತು, ಹಳೆಯ ತೂತು.

ಒಳಗೆ ಮಲಗಿ ಅಳೆದೆ. ಹಳೆಯ ತೂತಿನಿಂದ ಎಡಕ್ಕೆ 9 ಸೆಂ.ಮೀ., ಕೆಳಕ್ಕೆ 6 ಸೆಂ.ಮೀ. ತಗಡು ಸಪಾಟಾಗಿದೆ, ವೆಲ್ಡ್ ಇಲ್ಲ, ಒಳಗೆ ಯಾವ ವೈರೂ ಇಲ್ಲ. ಮಾರ್ಕರ್‌ನಿಂದ ಗುರುತು ಹಾಕಿದೆ. ಕಾಗದದ ಮೇಲೂ ಬರೆದುಕೊಂಡೆ: ಎಡ 9, ಕೆಳಗೆ 6. ಬಾನೆಟ್ ಕಡೆಗೆ ಬಂದು ಹಳೆಯ ತೂತಿನಿಂದ ಎಡಕ್ಕೆ 9, ಕೆಳಕ್ಕೆ 6 ಅಳೆದೆ. ಜಾಗ ಖಾಲಿ. ಮುಂದೆ ನಾಲ್ಕು ಬೆರಳು ಹಿಡಿಯುವಷ್ಟು ಅವಕಾಶ. ಒಳ್ಳೆಯ ಜಾಗ ಅಂತ ತೃಪ್ತಿಯಾಯಿತು.

ತಪ್ಪು ಅಲ್ಲೇ ಆಗಿತ್ತು. ಒಳಗಿನಿಂದ ನೋಡುವಾಗಿನ ಎಡ, ಬಾನೆಟ್ ಕಡೆಯಿಂದ ನೋಡುವಾಗ ಬಲ. ಇಷ್ಟು ವರ್ಷ ಕೆಲಸ ಮಾಡಿಯೂ ಆ ಕ್ಷಣ ಅದು ನನ್ನ ತಲೆಗೆ ಬರಲಿಲ್ಲ.

ಉಳಿಸಿದ್ದು ಒಂದು ಅಭ್ಯಾಸ. ಕೊರೆಯುವ ಮುಂಚೆ ಒಬ್ಬರು ಒಳಗಿನಿಂದ ಗುರುತಿನ ಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಬೇಕು, ಇನ್ನೊಬ್ಬರು ಆಚೆ ಬೆರಳಿಟ್ಟು ನೋಡಬೇಕು. ಭಾವ ಒಳಗೆ ತಟ್ಟಿದರು. ನನ್ನ ಬೆರಳಿಗೆ ಸರಿಯಾಗಿ ಏನೂ ತಿಳಿಯಲಿಲ್ಲ. "ಜೋರಾಗಿ ತಟ್ಟಿ ಭಾವ" ಅಂದೆ. ಸದ್ದು ಬಂದದ್ದು ಒಂದು ಗೇಣು ಆಚೆಯಿಂದ, ಎಸಿ ಪೈಪ್ ಗೋಡೆಗೆ ಒರಗಿ ಹೋಗುವ ಜಾಗದಿಂದ. ಆ ಪೈಪ್ ಮೇಲೆ ಬೆರಳಿಟ್ಟೆ. ಪ್ರತಿ ಏಟೂ ನೇರ ಬೆರಳಿಗೆ ತಾಗಿತು.

ಆ ಪೈಪ್‌ನಲ್ಲಿ ಗ್ಯಾಸ್ ಒತ್ತಡದಲ್ಲಿರುತ್ತದೆ. ತೂತಾದರೆ ಗ್ಯಾಸ್ ಪೂರ್ತಿ ಹೋಗುತ್ತದೆ. ಚಿಮ್ಮುವ ಗ್ಯಾಸ್ ಕಣ್ಣಿಗೆ, ಚರ್ಮಕ್ಕೆ ತಾಗಿದರೆ ಹಿಮಗಾಯ ಮಾಡುವಷ್ಟು ತಣ್ಣಗಿರುತ್ತದೆ. ಬೇರೆ ಕಾರಿನಲ್ಲಿ ಅದೇ ಜಾಗದಲ್ಲಿ ಬ್ರೇಕ್ ಪೈಪ್ ಇದ್ದಿರಬಹುದಿತ್ತು.

ಅವತ್ತಿನಿಂದ ನಾನು ಕಾಗದದ ಮೇಲೆ ಎಡ, ಬಲ ಅಂತ ಬರೆಯುವುದಿಲ್ಲ. "ಬಾಗಿಲ ಕಡೆಗೆ" ಅಥವಾ "ಗೇರ್ ಕಡೆಗೆ" ಅಂತ ಬರೆಯುತ್ತೇನೆ. ಎರಡೂ ಕಡೆಯಿಂದ ನೋಡಿದರೂ ಬಾಗಿಲು ಬಾಗಿಲ ಕಡೆಯೇ ಇರುತ್ತದೆ.

ಹೊಸ ಗುರುತು: ಹಳೆಯ ತೂತಿನಿಂದ ಗೇರ್ ಕಡೆಗೆ 9, ಕೆಳಕ್ಕೆ 6. ಒಳಗೆ ಆ ಜಾಗದ ಫೆಲ್ಟ್ ಸರಿಸಿ ನೋಡಿದೆ. ಸಪಾಟು ತಗಡೇ. ಮತ್ತೆ ತಟ್ಟಿಸಿದೆ. ಈ ಸಲ ಏಟು ಬೆರಳಿನ ಕೆಳಗೇ ಸಿಕ್ಕಿತು. ಅಳತೆಗೂ ತಟ್ಟಿದ ಜಾಗಕ್ಕೂ ಒಂದು ಸೆಂ.ಮೀ. ವ್ಯತ್ಯಾಸ ಬಂತು. ಫೈರ್‌ವಾಲ್ ನೇರ ಗೋಡೆಯಲ್ಲ, ಬಾಗು ಇರುತ್ತದೆ. ಅಷ್ಟು ವ್ಯತ್ಯಾಸ ಸಹಜ. ಅದಕ್ಕೇ ಸುತ್ತ ಕನಿಷ್ಠ ಎರಡು ಮೂರು ಸೆಂ.ಮೀ. ಖಾಲಿ ಇರುವ ಜಾಗವನ್ನೇ ಆರಿಸಬೇಕು.

ಕೊರೆದದ್ದು

ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ 15 ನಿಮಿಷ ಸುಮ್ನೆ ಬಿಟ್ಟೆವು. ಏರ್‌ಬ್ಯಾಗ್ ವ್ಯವಸ್ಥೆಯಲ್ಲಿ ಬ್ಯಾಟರಿ ತೆಗೆದ ಮೇಲೂ ಸ್ವಲ್ಪ ಹೊತ್ತು ಚಾರ್ಜ್ ಉಳಿದಿರುತ್ತದೆ. ಡ್ಯಾಶ್‌ಬೋರ್ಡ್ ಕೆಳಗೆ ಹಳದಿ ಕನೆಕ್ಟರ್ ಕಂಡರೆ ಅದು ಬಹುತೇಕ ಏರ್‌ಬ್ಯಾಗ್‌ದೇ. ಅದನ್ನು ಮುಟ್ಟಬಾರದು, ಮಲ್ಟಿಮೀಟರ್ ಕೂಡ ತಾಗಿಸಬಾರದು.

ಫೆಲ್ಟ್ ಸುಮಾರು 25 ಮಿ.ಮೀ. ದಪ್ಪ ಇತ್ತು. ಅದರ ಮೇಲೇ ಡ್ರಿಲ್ ಇಟ್ಟರೆ ನಾರು ಬಿಟ್‌ಗೆ ಸುತ್ತಿಕೊಂಡು ಮುದ್ದೆಯಾಗುತ್ತದೆ. ಅದಕ್ಕೆ ಚಾಕುವಿನಿಂದ ಮೂರು ಬದಿ ಮಾತ್ರ ಕೊಯ್ದು ಬಾಗಿಲಿನ ಹಾಗೆ ಮಡಚಿದೆ. ಆಮೇಲೆ ಮತ್ತೆ ಮುಚ್ಚುವುದಕ್ಕೆ ಬರುತ್ತದೆ.

ಇನ್ನು ಬಿಟ್. ತೆಳು ತಗಡಿಗೆ ಮೆಟ್ಟಿಲು ಮೆಟ್ಟಿಲಾಗಿರುವ ಸ್ಟೆಪ್ ಬಿಟ್ ಒಳ್ಳೆಯದು. ಸಾಧಾರಣ ದೊಡ್ಡ ಬಿಟ್ ತೆಳು ತಗಡನ್ನು ಕಚ್ಚಿ ಹರಿಯುತ್ತದೆ, ತೂತು ಮೂರು ಮೂಲೆಯಾಗುತ್ತದೆ. ಸ್ಟೆಪ್ ಬಿಟ್ ಗುಂಡಗೆ ಕೊರೆಯುತ್ತದೆ. ಆದರೆ ಅದರ ಉದ್ದವನ್ನು ತುಂಬಾ ಜನ ಮರೆಯುತ್ತಾರೆ. 4 ರಿಂದ 20 ಮಿ.ಮೀ. ತನಕ 2 ಮಿ.ಮೀ. ಏರುವ ಬಿಟ್‌ನಲ್ಲಿ ಒಂಬತ್ತು ಮೆಟ್ಟಿಲು. ಒಂದೊಂದು 5 ಮಿ.ಮೀ. ಎತ್ತರ ಅಂದರೂ, 20 ಮಿ.ಮೀ. ಮೆಟ್ಟಿಲು ತಗಡು ಮುಟ್ಟುವಾಗ ಮೊನೆ ಆಚೆ 4 ಸೆಂ.ಮೀ. ದಾಟಿರುತ್ತದೆ. ಆಚೆ ಅಷ್ಟು ಜಾಗ ಇಲ್ಲದಿದ್ದರೆ ಸ್ಟೆಪ್ ಬಿಟ್ ಹಾಕಲೇಬಾರದು. ನಮ್ಮ ಹೊಸ ಜಾಗದಲ್ಲಿ 7 ಸೆಂ.ಮೀ. ಖಾಲಿ ಇತ್ತು. ಆದರೂ ಎಸಿ ಪೈಪ್‌ಗೂ ಗುರುತಿಗೂ ನಡುವೆ ಒಂದು ಮರದ ತುಂಡನ್ನು ಕಟ್ಟಿದೆ.

ಗ್ರಾಮೆಟ್ ಮೊದಲು ಕೈಯಲ್ಲಿರಬೇಕು, ತೂತು ಆಮೇಲೆ. ನಾನು ತಂದದ್ದು 20 ಮಿ.ಮೀ. ತೂತಿಗೆ ಕೂರುವ, ಒಳಗೆ 10 ಮಿ.ಮೀ. ಕೇಬಲ್ ಬಿಗಿಯಾಗಿ ಹಿಡಿಯುವ ಗ್ರಾಮೆಟ್. ತಗಡಿನ ಅಂಚು ಕೂರುವ ಅದರ ಸುತ್ತಿನ ತೋಡು ಎಷ್ಟು ದಪ್ಪದ ತಗಡಿಗೆ ಅನ್ನುವುದನ್ನೂ ನೋಡಿಕೊಳ್ಳಬೇಕು. 3 ಮಿ.ಮೀ. ತೋಡಿನ ಗ್ರಾಮೆಟ್ 1 ಮಿ.ಮೀ. ತಗಡಿನಲ್ಲಿ ಸಡಿಲವಾಗಿ ಆಡುತ್ತದೆ.

ಸೆಂಟರ್ ಪಂಚ್‌ನಿಂದ ಒಂದು ಚುಕ್ಕಿ ಹೊಡೆದೆ. 3 ಮಿ.ಮೀ. ಬಿಟ್‌ಗೆ ಒಂದು ರಬ್ಬರ್ ಕೊಳವೆ ತೊಡಿಸಿ ಮೊನೆ 6 ಮಿ.ಮೀ. ಮಾತ್ರ ಹೊರಗೆ ಬಿಟ್ಟೆ. ಹೀಗೆ ಮಾಡಿದರೆ ತಗಡು ದಾಟಿದ ಕೂಡಲೇ ಡ್ರಿಲ್ ತಾನಾಗಿ ನಿಲ್ಲುತ್ತದೆ. ಕನ್ನಡಕ ಹಾಕಿಕೊಂಡೆ. ಮಲಗಿ ಮೇಲೆ ನೋಡುತ್ತಾ ಕೊರೆಯುವಾಗ ಚೂರುಗಳು ನೇರ ಮುಖದ ಮೇಲೇ ಬೀಳುತ್ತವೆ. ಸಣ್ಣ ತೂತು ಆದ ಮೇಲೆ ನಿಲ್ಲಿಸಿ, ಅದರಲ್ಲಿ ಒಂದು ತೆಳು ತಂತಿ ತೂರಿಸಿ ಆಚೆ ಹೋಗಿ ನೋಡಿದೆ. ತಂತಿ ಅಂದುಕೊಂಡ ಜಾಗದಲ್ಲೇ ಹೊರಗೆ ಬಂದಿತ್ತು. ತಪ್ಪಿದ್ದರೆ 3 ಮಿ.ಮೀ. ತೂತನ್ನು ಮುಚ್ಚುವುದು ಸುಲಭ, 20 ಮಿ.ಮೀ. ತೂತನ್ನು ಮುಚ್ಚುವುದು ಕಷ್ಟ.

ಸ್ಟೆಪ್ ಬಿಟ್‌ಗೆ ಗ್ರೀಸ್ ಹಚ್ಚಿದೆ. ಚೂರುಗಳು ಅದಕ್ಕೇ ಅಂಟುತ್ತವೆ. ಡ್ರಿಲ್ ನಿಧಾನ ವೇಗದಲ್ಲಿ. ಆಚೆ ಕಡೆ ಭಾವ ಒಂದು ಒದ್ದೆ ಬಟ್ಟೆ ಹಿಡಿದು ಚೂರು ಬೀಳದ ಹಾಗೆ ನೋಡಿಕೊಂಡರು. ಕೊನೆಯ ಮೆಟ್ಟಿಲಿಗೆ ಬರುವಾಗ ಒತ್ತುವುದನ್ನು ಬಿಟ್ಟು ಬಿಟ್‌ನ ಭಾರಕ್ಕೇ ಬಿಟ್ಟೆ. ಇಲ್ಲದಿದ್ದರೆ ಅದು ಮುಂದಕ್ಕೆ ಜಿಗಿಯುತ್ತದೆ.

ಆಮೇಲಿನ ಕೆಲಸವನ್ನೇ ಆ ಅಂಗಡಿಯವರು ಬಿಟ್ಟಿದ್ದು. ಗುಂಡು ಅರದಿಂದ ಎರಡೂ ಕಡೆಯ ಅಂಚು ಉಜ್ಜಿದೆ. ಬೆರಳು ಸುತ್ತಿಸಿದರೆ ಎಲ್ಲೂ ಗೀರಬಾರದು, ಅಷ್ಟು ನುಣುಪಾಗಬೇಕು. ಚೂರುಗಳನ್ನು ಆಯಸ್ಕಾಂತ, ವ್ಯಾಕ್ಯೂಮ್ ಎರಡರಿಂದಲೂ ತೆಗೆದೆ. ಬಿಟ್ಟರೆ ಅವು ತುಕ್ಕು ಹಿಡಿದು ಬಣ್ಣದ ಮೇಲೆ ಚುಕ್ಕಿ ಮಾಡುತ್ತವೆ, ಕನೆಕ್ಟರ್ ಒಳಗೆ ಸೇರಿದರೆ ಶಾರ್ಟ್ ಮಾಡುತ್ತವೆ. ಬರಿ ಲೋಹದ ಅಂಚಿಗೆ ಜಿಂಕ್ ಪ್ರೈಮರ್, ಅದರ ಮೇಲೆ ಪೇಂಟ್ ಹಚ್ಚಿದೆ. ಒಣಗಲು ಒಂದು ರಾತ್ರಿ ಬಿಟ್ಟೆ. ಭಾವನಿಗೆ ಅವತ್ತೇ ಮುಗಿಸುವ ಆತುರ ಇತ್ತು. ನಾನು ಒಪ್ಪಲಿಲ್ಲ. ಹಸಿ ಪೇಂಟ್ ಮೇಲೆ ಗ್ರಾಮೆಟ್ ಕೂರಿಸಿದರೆ ಅದು ಬಣ್ಣವನ್ನು ಕೆರೆದುಕೊಂಡೇ ಒಳಗೆ ಹೋಗುತ್ತದೆ.

ಕೇಬಲ್ ದಾಟಿದ ದಿನ

ಮಾರನೇ ದಿನ ಬೆಳಿಗ್ಗೆ ಗ್ರಾಮೆಟ್ ಕೂರಿಸಿದೆ. ಜಾರುವುದಕ್ಕೆ ಸೋಪಿನ ನೀರು ಹಚ್ಚಿದೆ. ಎಂಜಿನ್ ಆಯಿಲ್, ಗ್ರೀಸ್ ಹಚ್ಚಬಾರದು, ಎಷ್ಟೋ ಬಗೆಯ ರಬ್ಬರ್ ಅದಕ್ಕೆ ಊದಿ ಮೆತ್ತಗಾಗುತ್ತದೆ. ಕೇಬಲ್ ತುದಿಗೆ ಟೇಪ್ ಸುತ್ತಿ ಮೊನೆ ಮಾಡಿ ತಳ್ಳಿದೆ.

ಎಂಜಿನ್ ಕಡೆ ಕೇಬಲ್‌ಗೆ ಸುಕ್ಕು ಕೊಳವೆ ತೊಡಿಸಿ, ಎಕ್ಸಾಸ್ಟ್‌ನಿಂದ ದೂರ ಇಟ್ಟು, ಪ್ರತಿ 15-20 ಸೆಂ.ಮೀ.ಗೆ ಒಂದು ಟೈ ಹಾಕಿದೆ. ಗ್ರಾಮೆಟ್ ಹತ್ತಿರ ಬರುವ ಮುಂಚೆ ಕೇಬಲ್ ಅನ್ನು ಒಂದು ಬಟ್ಟಲಿನ ಹಾಗೆ ಕೆಳಗೆ ಇಳಿಸಿ ಮತ್ತೆ ಮೇಲೆ ತಂದೆ. ಕೇಬಲ್ ಗುಂಟ ನೀರು ಬಂದರೂ ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಮೇಲೇರಿ ಗ್ರಾಮೆಟ್ ಮುಟ್ಟುವುದಿಲ್ಲ. ಹಳೆಯ ಕೆಲಸದಲ್ಲಿ ಕೇಬಲ್ ಬ್ಯಾಟರಿಯಿಂದ ನೇರ ಇಳಿಜಾರಾಗಿ ತೂತಿಗೆ ಬಂದಿತ್ತು. ನೀರಿಗೆ ಅದೇ ಕಾಲುವೆಯಾಯಿತು.

ಗ್ರಾಮೆಟ್ ಸುತ್ತ ಎರಡೂ ಕಡೆ ತೆಳುವಾಗಿ ಸಿಲಿಕೋನ್ ಎಳೆದೆ. ನ್ಯೂಟ್ರಲ್ ಬಗೆಯದ್ದೇ ಆಗಬೇಕು. ವಿನೆಗರ್ ವಾಸನೆ ಬರುವ ಸಿಲಿಕೋನ್ ಒಣಗುವಾಗ ಆಮ್ಲ ಬಿಡುತ್ತದೆ. ಉಕ್ಕು, ತಾಮ್ರ ಎರಡನ್ನೂ ಅದು ತಿನ್ನುತ್ತದೆ.

ಬ್ಯಾಟರಿಯಿಂದ 25 ಸೆಂ.ಮೀ. ದೂರದಲ್ಲಿ ಫ್ಯೂಸ್ ಹೋಲ್ಡರ್ ಕೂರಿಸಿದೆ. ಆಂಪ್ಲಿಫೈಯರ್ ಮೇಲೆಯೇ 25 ಆಂಪಿಯರ್‌ನ ಎರಡು ಫ್ಯೂಸ್ ಇದ್ದವು. ಮುಖ್ಯ ಫ್ಯೂಸ್ 60 ಆಂಪಿಯರ್ ಹಾಕಿದೆ, ಈ ಕೇಬಲ್ ಹೊರಬಲ್ಲದ್ದಕ್ಕಿಂತ ಅದು ಕಡಿಮೆ. ಫ್ಯೂಸ್ ಹಾಕುವ ಮುಂಚೆ ಮಲ್ಟಿಮೀಟರ್‌ನಲ್ಲಿ ಕೇಬಲ್‌ಗೂ ಬಾಡಿಗೂ ನಡುವೆ ಪರೀಕ್ಷೆ ಮಾಡಿದೆ. ಡಿಕ್ಕಿ ಕಡೆಯ ತುದಿ ಬಿಚ್ಚಿಟ್ಟು, ಫೈರ್‌ವಾಲ್ ಹತ್ತಿರ ಕೇಬಲ್ ಅಲ್ಲಾಡಿಸುತ್ತಾ ನೋಡಿದೆ. ಎಲ್ಲೂ ಸಂಪರ್ಕ ಇರಲಿಲ್ಲ. ಆಮೇಲೆಯೇ ಫ್ಯೂಸ್ ಕೂರಿಸಿದ್ದು.

ಎಂಜಿನ್ ಓಡಿಸಿ, ಒಂದೇ ಮಟ್ಟದ ಟೆಸ್ಟ್ ಟೋನ್ ಹಾಕಿ ಬ್ಯಾಟರಿಯ ಹತ್ತಿರ ಮತ್ತು ಆಂಪ್ಲಿಫೈಯರ್ ಹತ್ತಿರ ವೋಲ್ಟ್ ಅಳೆದೆ. ವ್ಯತ್ಯಾಸ 0.2 ವೋಲ್ಟ್‌ಗಿಂತ ಕಡಿಮೆ. "ಬೇಸ್ ಗಟ್ಟಿಯಾಗಿದೆ ಅಲ್ವಾ?" ಅಂತ ಭಾವ ಕೇಳಿದರು. ಆಗಿರಬಹುದು. ನನ್ನ ಗಮನ ಫೈರ್‌ವಾಲ್ ಮೇಲೇ ಇತ್ತು.

ಹಳೆಯ ತೂತು ಇನ್ನೂ ಬಾಯಿ ಬಿಟ್ಟುಕೊಂಡಿತ್ತು. ರಬ್ಬರ್ ಮುಚ್ಚಳ ಸಾಕಾಗುತ್ತಿತ್ತೇನೋ, ಆದರೆ ಬೆಂಕಿ ತಡೆಯಬೇಕಾದ ಗೋಡೆಯಲ್ಲಿ ಉಕ್ಕಿನ ತೇಪೆಯೇ ಇರಲಿ ಅನ್ನಿಸಿತು. ತುಕ್ಕು ಉಜ್ಜಿ, ಪ್ರೈಮರ್ ಹಚ್ಚಿ, 1 ಮಿ.ಮೀ. ತಗಡಿನ ತುಂಡಿಗೆ ಸೀಮ್ ಸೀಲಂಟ್ ಬಳಿದು ಒಳಗಿನಿಂದ ಎರಡು ರಿವೆಟ್ ಹೊಡೆದೆ. ಆಚೆ ಎಸಿ ಪೈಪ್ ಇದ್ದ ಕಾರಣ ಗಿಡ್ಡ ರಿವೆಟ್‌ಗಳನ್ನೇ ಆರಿಸಿ, ಪೈಪ್‌ನಿಂದ ದೂರದ ಅಂಚಿನಲ್ಲಿ ಇಟ್ಟೆ. ಅದಕ್ಕೂ ಮುಂಚೆ ಮತ್ತೆ ತಟ್ಟಿ ನೋಡಿದ್ದಾಯಿತು.

ಕಾರ್ಪೆಟ್ ಒಣಗಲು ನಾಲ್ಕು ದಿನ ಬೇಕಾಯಿತು. ಮೇಲೆ ಒಣಗಿದ ಹಾಗೆ ಕಂಡರೂ ಕೆಳಗಿನ ಫೋಮ್ ನೀರು ಹಿಡಿದುಕೊಂಡೇ ಇರುತ್ತದೆ. ನೆಲದ ತಗಡು ಅಲ್ಲಿಂದಲೇ ತುಕ್ಕು ಹಿಡಿಯುತ್ತದೆ. ಎತ್ತಿ ಕಟ್ಟಿ ಫ್ಯಾನ್ ಹಾಕಿದೆವು. ಆಮೇಲೆ ಅಕ್ಕ ಮತ್ತೆ ಮಗ್ ಹಿಡಿದಳು, ನಾನು ಮತ್ತೆ ಟಿಶ್ಯೂ ಅಂಟಿಸಿ ಮಲಗಿದೆ. ಈ ಸಲ ಹತ್ತು ನಿಮಿಷ ನೀರು ಹಾಕಿಸಿದೆ. ಟಿಶ್ಯೂ ಒಣಗಿಯೇ ಇತ್ತು. ಬಿಸಿ ಎಂಜಿನ್ ವಾಸನೆ ಒಳಗೆ ಬರುವುದೂ ಅವತ್ತಿಗೆ ನಿಂತಿತು.

ಒಂದು ತಿಂಗಳಾದ ಮೇಲೆ ಭಾವ ಮುಂದೆ ಎರಡು ಲೈಟ್ ಹಾಕಿಸಬೇಕು ಅಂದರು. "ಇನ್ನೊಂದು ತೂತು ಬೇಕಾಗುತ್ತಾ?" ಅಂತ ಅವರೇ ಮೊದಲು ಕೇಳಿದರು. ಬೇಡ. ಲೈಟ್‌ನ ದೊಡ್ಡ ಕರೆಂಟ್ ಬ್ಯಾಟರಿಯಿಂದ ರಿಲೇಗೆ (ಸಣ್ಣ ಕರೆಂಟ್‌ನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್), ರಿಲೇಯಿಂದ ಲೈಟ್‌ಗೆ ಬಾನೆಟ್ ಕೆಳಗೇ ಹೋಗುತ್ತದೆ. ಒಳಗಿನ ಸ್ವಿಚ್‌ಗೆ ಬರಬೇಕಾದದ್ದು ಅರ್ಧ ಚದರ ಮಿ.ಮೀ. ದಪ್ಪದ ತೆಳು ವೈರ್ ಮಾತ್ರ. ಅದಕ್ಕೆ ಕಂಪನಿಯ ದೊಡ್ಡ ಗ್ರಾಮೆಟ್ ಮೇಲಿದ್ದ ಖಾಲಿ ತೊಟ್ಟು ಸಾಕಾಯಿತು. ಹೊಸ ಗ್ರಾಮೆಟ್‌ನಲ್ಲಿ ದಪ್ಪ ಕೇಬಲ್ ಪಕ್ಕ ಅದನ್ನೂ ತೂರಿಸಬಹುದಿತ್ತು. ಆದರೆ ಎರಡು ಗುಂಡು ವೈರ್ ಪಕ್ಕಪಕ್ಕ ಕೂತರೆ ನಡುವೆ ಒಂದು ಸಂದು ಉಳಿಯುತ್ತದೆ, ನೀರಿಗೆ ಅಷ್ಟು ಸಂದು ಸಾಕು.

ಕೊಯ್ದ ಹಳೆಯ ಕೇಬಲ್‌ನ ಒಂದು ಗೇಣು ತುಂಡನ್ನು ಭಾವ ಬಿಸಾಡಲಿಲ್ಲ. ಗೆಳೆಯರು ಯಾರಾದರೂ ಕಾರಿಗೆ ಆಂಪ್ಲಿಫೈಯರ್ ಹಾಕಿಸುತ್ತೇನೆ ಅಂದರೆ ಮೊದಲು ಅದನ್ನು ಅವರ ಕೈಗೆ ಕೊಡುತ್ತಾರೆ.